ಅವರು ಮಾಡಿದ ಹೊಗೆ

ನನ್ನ ಗಂಡ ತಕೆಹರು ಹೋಗಿ ಒಂದು ಚಳಿಗಾಲ ಕಳೆಯಿತು. ಅವರು ದೊಡ್ಡ ಮನುಷ್ಯರಲ್ಲ. ಕುರೆ ಬಂದರಿನಿಂದ ಎದುರಿನ ಎತಾಜಿಮಾ ದ್ವೀಪಕ್ಕೆ ಹೋಗಿಬರುವ ಲಾಂಚಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಕಾರು, ಸೈಕಲ್ಲು, ಶಾಲೆಯ ಮಕ್ಕಳು, ಎಲ್ಲವನ್ನೂ ಹೊತ್ತೊಯ್ಯುವ ದೊಡ್ಡ ಲಾಂಚು ಅದು. ಜನ ಮೇಲೆ ಕೂತು ಕಡಲು ನೋಡುತ್ತಿದ್ದರು. ಇವರು ಕೆಳಗೆ ಎಣ್ಣೆಯ ವಾಸನೆಯಲ್ಲಿ ಇರುತ್ತಿದ್ದರು. ಆ ಸದ್ದಿಗೆ ಎಡಗಿವಿ ಹೋಗಿತ್ತು. ನನಗೆ ಬೈಯಬೇಕು ಅನಿಸಿದಾಗ ಬಲಗಡೆ ಹೋಗಿ ನಿಲ್ಲುತ್ತಿದ್ದೆ.

ನಾನು ದ್ವೀಪದವಳು. ಓದು ತಲೆಗೆ ಹತ್ತಲಿಲ್ಲ. ಶಾಲೆ ಬಿಟ್ಟವಳೇ ಸಿಂಪಿ ಬಿಡಿಸುವ ಶೆಡ್ಡಿಗೆ ಸೇರಿದೆ, ಈಗಲೂ ಅಲ್ಲೇ ಇದ್ದೇನೆ. ಚಿಪ್ಪಿನ ಸಂದಿಗೆ ಚಾಕು ತೂರಿಸಿ ತಿರುಗಿಸುವುದು, ಮಾಂಸ ಬಕೆಟ್ಟಿಗೆ, ಚಿಪ್ಪು ಹಿಂದಕ್ಕೆ. ಲಾಂಚಿನಲ್ಲಿ ಬರುವಾಗ ಇವರ ಪರಿಚಯವಾಯಿತು. ಮದುವೆಯಾಗಿ ಕುರೆಯ ಗುಡ್ಡದ ಮನೆಗೆ ಬಂದೆ. ಮೆಟ್ಟಿಲು ಹತ್ತಿಯೇ ಬರಬೇಕು, ಸ್ಕೂಟರ್ ಕೂಡ ಬರುವುದಿಲ್ಲ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರು, ಅತ್ತೆ ತೊಮಿಎ.

ಅತ್ತೆ ಮಾತಿನ ಮಲ್ಲಿ. ಮೀನಿನವನ ಹತ್ತಿರ, ಅಂಚೆಯವನ ಹತ್ತಿರ, ಬೆಕ್ಕಿನ ಹತ್ತಿರವೂ ಮಾತಾಡುತ್ತಿದ್ದರು. ಒಂದು ವಿಷಯ ಬಿಟ್ಟು. ಯುದ್ಧದ ಕೊನೆಯ ವರ್ಷ ಅವರಿಗೆ ಹದಿನೈದು. ಊರು ಸುಟ್ಟುಹೋಗಿ ದ್ವೀಪದಲ್ಲಿ ನೆಂಟರ ಮನೆಯಲ್ಲಿದ್ದರಂತೆ. ಅವರ ತಂಗಿ ಸಾಯೊ ಅಲ್ಲೇ ಸತ್ತಳು. ಶತ್ರು ವಿಮಾನದ ದಾಳಿಯಲ್ಲಿ ಎಂದು ಗೋರಿಕಲ್ಲಿನ ಮೇಲೆ ಕೆತ್ತಿದೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಅತ್ತೆಯ ಬಾಯಿಂದ ಯಾರೂ ಕೇಳಿರಲಿಲ್ಲ. ಮಗ ಚಿಕ್ಕಂದಿನಿಂದ ಕೇಳಿ ಕೇಳಿ ಸೋತಿದ್ದರು.

"ಅಮ್ಮ, ಆಗ ಹಡಗೆಲ್ಲ ಎಲ್ಲಿ ನಿಂತಿದ್ವು?"

"ನೀರಲ್ಲಿ."

"ನೀನು ಏನೇನು ನೋಡ್ದೆ?"

"ಹೊಟ್ಟೆ ನೋಡ್ಕೊಂಡೆ. ಹಸಿವಿತ್ತು. ಹೋಗಿ ಅಕ್ಕಿ ತೊಳಿ."

ಇನ್ನೊಂದು ಇತ್ತು. ಬಂದರಿನಲ್ಲಿ ಬೇಸಿಗೆಯ ಪಟಾಕಿ ಹಬ್ಬ ಬಂದರೆ ಊರೆಲ್ಲ ಹೊರಗೆ, ಅತ್ತೆ ಒಳಗೆ. ಇವರು ಚಿಕ್ಕವರಿದ್ದಾಗ ಅತ್ತೆ ಹತ್ತಿ ತುಂಬಿದ ದಪ್ಪ ಟೊಪ್ಪಿಗೆ ಹೊಲಿದು ಇವರ ತಲೆಗೆ ಕಟ್ಟಿ ಸೂರಿನಡಿ ಕೂರಿಸುತ್ತಿದ್ದರಂತೆ. ಸೆಖೆಗೆ ಬೆವರು ಇಳಿಯುತ್ತಿತ್ತಂತೆ. ಬೀದಿಯ ಹುಡುಗರು "ಹಾಸಿಗೆ ತಲೆ, ಹಾಸಿಗೆ ತಲೆ" ಎಂದು ರೇಗಿಸುತ್ತಿದ್ದರಂತೆ. ಅತ್ತೆ ಸದ್ದಿಗೆ ಹೆದರುತ್ತಾರೆ ಎಂದುಕೊಂಡೆವು. ಎಲ್ಲರೂ ಹಾಗೇ ಅಂದುಕೊಂಡರು.

ಕೆಲಸದಿಂದ ನಿವೃತ್ತಿ ಆದ ಮೇಲೆ ಇವರು ಕಂಪ್ಯೂಟರ್ ತಂದರು. ಬೇರೆ ಗಂಡಸರು ಮೀನು ಹಿಡಿಯಲು ಹೋದರು, ಕುಡಿಯಲು ಹೋದರು. ಇವರು ಒಂದು ಆಟ ಹಿಡಿದು ಕೂತರು. ಯುದ್ಧದ ಕಾಲದ ಸಬ್‌ಮರೀನ್ ಆಟ. ನೀರಿನಡಿಯಲ್ಲಿ ಇರಬೇಕು, ಕೊಳವೆಯ ಕಣ್ಣು ಮೇಲೆ ಎತ್ತಿ ಹಡಗು ನೋಡಬೇಕು, ಹೊಡೆಯಬೇಕು.

"ನೀವು ಯಾರ ಕಡೆ?" ಕೇಳಿದೆ.

"ಅಮೆರಿಕದವರ ಕಡೆ. ಈ ಆಟದಲ್ಲಿ ಹಾಗೇ ಇರೋದು."

"ನಮ್ಮ ಹಡಗು ಮುಳುಗಿಸ್ತೀರಾ? ನಾಚಿಕೆ ಆಗಲ್ವಾ?"

"ಮುಳುಗಿಸಲ್ಲ ಕಣೆ. ನಿಂತ್ಕೊಂಡು ನೋಡ್ತೀನಿ."

ನಿಜವಾಗಿಯೂ ಅಷ್ಟೇ ಮಾಡುತ್ತಿದ್ದರು. ಒಂದು ಹಡಗನ್ನೂ ಹೊಡೆದದ್ದು ನಾನು ಕಾಣೆ. ನೋಡುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು. ಅವರ ತಕರಾರು ಹೊಗೆಯ ಮೇಲೆ. ಆಟದಲ್ಲಿ ವಿಮಾನ ಬರುತ್ತದೆ, ಹಡಗಿನ ಫಿರಂಗಿಗಳು ಮೇಲಕ್ಕೆ ಹೊಡೆಯುತ್ತವೆ, ಗುಂಡು ಆಕಾಶದಲ್ಲಿ ಸಿಡಿದು ಕಪ್ಪು ಹೊಗೆಯ ಉಂಡೆಯಾಗುತ್ತದೆ. ಆ ಉಂಡೆಗಳೆಲ್ಲ ಒಂದೇ ಅಳತೆ. ಒಂದೇ ಎತ್ತರದಲ್ಲಿ ಸಾಲಾಗಿ ಮೂಡಿ, ಕಣ್ಣು ಮಿಟುಕಿಸುವುದರಲ್ಲಿ ಒಟ್ಟಿಗೆ ಮಾಯ.

"ಬಿಳಿ ಬಟ್ಟೆ ಮೇಲೆ ಮಸಿ ಚೆಲ್ಲಿದ ಹಾಗಿದೆ," ಎನ್ನುತ್ತಿದ್ದರು. "ಹೊಗೆಗೆ ಗಾಳಿ ಬೇಡ್ವಾ? ನಮ್ಮ ಲಾಂಚಿನ ಹೊಗೆ ಯಾವತ್ತಾದ್ರೂ ಹಿಂಗೆ ನಿಂತಿತ್ತಾ?"

ಈ ಆಟ ಆಡುವವರ ಒಂದು ಗುಂಪು ಇದೆ. ದೇಶದಲ್ಲೆಲ್ಲ ಇದ್ದಾರೆ, ಹೊರಗೂ ಇದ್ದಾರೆ. ಆಟದಲ್ಲಿ ಸುಳ್ಳು ಕಂಡದ್ದನ್ನು ತಾವೇ ಬಿಚ್ಚಿ ಸರಿಮಾಡಿ ಉಳಿದವರಿಗೆ ಕೊಡುತ್ತಾರೆ. ಒಬ್ಬ ಅಲೆ ಸರಿಮಾಡಿದ. ಇನ್ನೊಬ್ಬ ಹಡಗಿನ ತುಕ್ಕು ಸರಿಮಾಡಿದ. ಇವರು ಹೊಗೆ ತೆಗೆದುಕೊಂಡರು. ಗುಂಪಿನ ಹಿರಿಯ ನಿಗಾತದ ಮುನಕಾತಾ ಎಂಬ ಹಲ್ಲಿನ ಡಾಕ್ಟರು. ಹಳೆಯ ಫೋಟೋ ಕೂಡಿಡುವ ಹುಚ್ಚು ಅವರಿಗೆ. ಯುದ್ಧದಲ್ಲಿ ಅಮೆರಿಕದ ವಿಮಾನದಿಂದ ತೆಗೆದ ಫೋಟೋಗಳನ್ನು ಇವರಿಗೆ ಕಳಿಸಿದರು. ಇವರು ಅವನ್ನು ಗೋಡೆಗೆ ಅಂಟಿಸಿಕೊಂಡು ಕೂತರು.

ಸಿಡಿಯುವುದು ಹೇಗೆ ಎಂದು ಕಣ್ಣಾರೆ ನೋಡಬೇಕು ಅನಿಸಿ ಒಂದು ದಿನ ಬಲೂನಿಗೆ ಅಕ್ಕಿಹಿಟ್ಟು ತುಂಬಿ ಸ್ನಾನದ ಮನೆಯಲ್ಲಿ ಒಡೆದರು. ಅತ್ತೆ ಬಾಗಿಲು ತೆಗೆದು ನೋಡಿದರು.

"ಫುಸಾಎ, ಬಾರೇ ಇಲ್ಲಿ. ನಿನ್ನ ಗಂಡ ತನಗೇ ಹಿಟ್ಟು ಮೆತ್ಕೊಂಡಿದಾನೆ. ಎಣ್ಣೆ ಕಾಯಿಸು, ಟೆಂಪುರ ಕರಿಯೋಣ."

"ಹೊಗೆ ನೋಡ್ತಿದೀನಮ್ಮ," ಎಂದರು ಇವರು. ಹುಬ್ಬೆಲ್ಲ ಬಿಳಿ.

"ನೋಡು, ನೋಡು. ಆಮೇಲೆ ಗುಡಿಸೋದನ್ನೂ ನೋಡು."

ಆ ಹೊಗೆಗೆ ಎರಡು ವರ್ಷ ಹಿಡಿಯಿತು. ಕಡೆಗೆ ಚೆನ್ನಾಗಿಯೇ ಬಂತು, ನನ್ನಂಥವಳಿಗೂ ಗೊತ್ತಾಯಿತು. ಮೊದಲು ಒಂದು ಮಿಂಚು. ಆಮೇಲೆ ಗಟ್ಟಿ ಕಪ್ಪು. ಅಂಚು ಬೂದಿಯಾಗಿ, ಗಾಳಿ ಎಳೆದ ಕಡೆ ಉದ್ದವಾಗಿ, ಹರಿದ ಹತ್ತಿಯಂತಾಗಿ, ಕೊನೆಗೆ ಎಲ್ಲಿ ಹೋಯಿತು ಎಂದು ಗೊತ್ತಾಗದಂತೆ ಹೋಗುತ್ತಿತ್ತು. ಒಂದರಂತೆ ಒಂದಿಲ್ಲ. ಗುಂಪಿನವರು ಹೊಗಳಿ ಬರೆದರಂತೆ. ಮುನಕಾತಾ-ಸಾನ್ ಫೋನ್ ಮಾಡಿ "ಇನ್ನು ಇದನ್ನು ಮುಟ್ಟುವ ಹಾಗಿಲ್ಲ" ಎಂದರು. ಇವರು ಬಲಗಿವಿಗೆ ಫೋನ್ ಒತ್ತಿಕೊಂಡು ನಿಂತಲ್ಲೇ ಬಾಗಿ ಬಾಗಿ ನಮಸ್ಕಾರ ಮಾಡಿದರು.

ಅಷ್ಟಾದರೂ ಸಮಾಧಾನ ಇರಲಿಲ್ಲ. ಒಂದು ದಿನ ಊಟ ಮಾಡುವಾಗ ಹೇಳಿದರು.

"ಇದನ್ನ ಕಣ್ಣಲ್ಲಿ ನೋಡಿದೋರು ನಮ್ಮನೇಲೇ ಇದಾರೆ. ಒಂದು ಸಲ ಅಮ್ಮ ನೋಡಿ, ಹೌದು ಹಿಂಗೇ ಇತ್ತು ಅಂದ್ಬಿಟ್ರೆ ಸಾಕು. ಇನ್ನೇನೂ ಬೇಡ."

"ಬಿಡ್ರೀ. ಹೇಳ್ದೆ ಇರೋರನ್ನ ಯಾಕೆ ಕೆಣಕ್ತೀರಾ?"

"ಎಂಬತ್ತು ದಾಟಿದೆ. ಇನ್ನು ಯಾವಾಗ ಹೇಳ್ತಾರೆ?"

ಅದಕ್ಕಾಗಿ ಅವರು ನಮ್ಮ ಕೊಲ್ಲಿಯನ್ನೇ ಮಾಡಿದರು. ಕುರೆ, ಎತಾಜಿಮಾ, ನಡುವಿನ ನೀರು, ಹಿಂದಿನ ಗುಡ್ಡ. ಯುದ್ಧದ ಕೊನೆಯ ವರ್ಷದ ಜುಲೈ ಕೊನೆಯಲ್ಲಿ ದೊಡ್ಡ ಯುದ್ಧದ ಹಡಗುಗಳು ಎಣ್ಣೆ ಇಲ್ಲದೆ ಇಲ್ಲೇ ಲಂಗರು ಹಾಕಿ ನಿಂತಿದ್ದವು. ದ್ವೀಪದಂತೆ ಕಾಣಲಿ ಎಂದು ಮೈಮೇಲೆ ಪೈನ್ ಕೊಂಬೆ ಹೊದಿಸಿದ್ದರು. ಇವರು ಕೊಂಬೆಗಳನ್ನೂ ಇಟ್ಟರು. ಅತ್ತೆ ಒಗೆದ ಬಟ್ಟೆ ಎತ್ತಿಕೊಂಡು ಕೋಣೆಯ ಮುಂದೆ ಹೋಗುತ್ತಿದ್ದರು. ಇವರು ಕರೆದರು.

"ಅಮ್ಮ, ಒಂಚೂರು ಬಾ. ನಮ್ಮ ಕೊಲ್ಲಿ ಮಾಡಿದೀನಿ."

"ಕೊಲ್ಲಿ ಕಿಟಕೀಲೇ ಕಾಣುತ್ತಲ್ಲೋ."

"ಇದು ಹಳೇದು."

ಅತ್ತೆ ಬಟ್ಟೆ ಎದೆಗವಚಿಕೊಂಡೇ ಬಂದು ನಿಂತರು. ನಾನು ಹಿಂದೆ ನಿಂತೆ. ಇವರು ವಿಮಾನಗಳನ್ನು ಕರೆದರು. ಪೈನ್ ಕೊಂಬೆಯ ಸಂದಿಯಿಂದ ಫಿರಂಗಿಗಳು ಹೊಡೆದವು. ಆಕಾಶದ ತುಂಬ ಕಪ್ಪು ಹೊಗೆ ಅರಳಿ, ಗಾಳಿಗೆ ಬಾಗಿ, ಹರಿದುಹೋಯಿತು. ಇವರು ಪರದೆ ನೋಡುತ್ತಿರಲಿಲ್ಲ, ಅಮ್ಮನ ಮುಖ ನೋಡುತ್ತಿದ್ದರು.

"ಇದ್ಯಾಕೆ ಹಿಂಗೆ ಕಪ್ಪು?" ಎಂದರು ಅತ್ತೆ.

"ಹೊಗೆ ಕಪ್ಪೇ ಅಲ್ವಾ?"

"ಕಪ್ಪೂ ಇತ್ತು. ಕೆಂಪಿತ್ತು, ಹಳದಿ ಇತ್ತು, ನೀಲಿ, ನೇರಳೆ ಇತ್ತು. ಗುಂಡಲ್ಲಿ ಬಣ್ಣ ಹಾಕಿದ್ರು. ತಾವು ಹೊಡೆದದ್ದು ಯಾವ್ದು ಅಂತ ಒಂದೊಂದು ಹಡಗಿನೋರಿಗೆ ಗುರ್ತು ಸಿಗಲಿ ಅಂತ. ನೀನು ಇದನ್ನ ಏನು ನೋಡಿ ಮಾಡ್ದೆ?"

"ಫೋಟೋ ನೋಡಿ."

"ಫೋಟೋಲಿ ಬಣ್ಣ ಇರ್ತಿತ್ತೇನೋ ಆಗ, ದಡ್ಡ?"

ಇವರು ಗೋಡೆ ನೋಡಿದರು. ಅಷ್ಟೂ ಫೋಟೋ ಕಪ್ಪು ಬಿಳುಪು. ಇಷ್ಟು ವರ್ಷ ಅದನ್ನೇ ನೋಡಿ ನೋಡಿ, ಇವರು, ಮುನಕಾತಾ-ಸಾನ್, ಇಡೀ ಗುಂಪು, ಆಕಾಶವೇ ಕಪ್ಪು ಬಿಳುಪಾಗಿತ್ತು ಎಂದುಕೊಂಡಿದ್ದರು. ನನಗೆ ನಗು ಬಂತು. ಅತ್ತೆಯೂ ನಕ್ಕರು. ಇವರು ನಗಲಿಲ್ಲ, ಬರೆದುಕೊಳ್ಳಲು ಪೆನ್ನು ಹುಡುಕುತ್ತಿದ್ದರು. ಅಮ್ಮ ಕೊನೆಗೂ ಬಾಯಿ ಬಿಟ್ಟಿದ್ದರು.

ಆಮೇಲಿನ ಕೆಲವು ವಾರ ನಮ್ಮ ಮನೆಯಲ್ಲಿ ಹಬ್ಬ. ತಾಯಿ ಮಗ ಅಡುಗೆಮನೆಯ ಮೇಜಿನ ಮೇಲೆ ಬಣ್ಣ ಹುಡುಕುತ್ತಿದ್ದರು. ಇವರು ಕಂಪ್ಯೂಟರಿನಲ್ಲಿ ಒಂದು ಕೆಂಪು ತೋರಿಸಿದರೆ ಅತ್ತೆ ಒಪ್ಪುತ್ತಿರಲಿಲ್ಲ. ಜಾಡಿಯಿಂದ ಉಪ್ಪು ಹಾಕಿದ ಉಮೆ ಕಾಯಿ ತೆಗೆದು ತಟ್ಟೆಯಲ್ಲಿ ಇಡುತ್ತಿದ್ದರು.

"ಈ ಕೆಂಪು. ಆದ್ರೆ ಇದನ್ನ ನೀರಲ್ಲಿ ಅದ್ದಿದ ಹಾಗೆ."

ಹಳದಿಗೆ ಮೂಲಂಗಿಯ ಉಪ್ಪಿನಕಾಯಿ. ನೇರಳೆಗೆ ಬದನೆಯದು, ಅದೂ ನೆನೆಹಾಕಿದ ಮಾರನೆಯ ದಿನದ್ದು, ಹಳೆಯದಾದರೆ ಕಂದುತ್ತದೆ. ನೀಲಿಗೆ ಏನೂ ಸಿಗದೆ ನನ್ನ ಏಪ್ರನ್ ಕಿತ್ತುಕೊಂಡರು.

"ಅತ್ತೆ, ಊಟಕ್ಕೆ ಏನಾದ್ರೂ ಉಳಿಸಿ."

"ಸುಮ್ನಿರೇ. ಆಕಾಶ ಮಾಡ್ತಿದೀವಿ."

ಅತ್ತೆಯನ್ನು ಅಷ್ಟು ಖುಷಿಯಲ್ಲಿ ನಾನು ನೋಡಿರಲಿಲ್ಲ. ಇವರನ್ನೂ. ರಾತ್ರಿ ಮಲಗುವಾಗ "ಅಮ್ಮ ಇವತ್ತು ಹಸಿರು ಇರಲಿಲ್ಲ ಅಂದ್ರು" ಎಂದು ಬಹುಮಾನ ಬಂದವರಂತೆ ಹೇಳಿ ಮಲಗುತ್ತಿದ್ದರು.

ಬಣ್ಣ ಎಲ್ಲ ಸೇರಿದ ಮೇಲೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಮಧ್ಯಾಹ್ನ. ನಾನು ಬಾರ್ಲಿ ಚಹಾ ತಂದಿಟ್ಟೆ. ವಿಮಾನ ಬಂತು. ಫಿರಂಗಿ ಹೊಡೆಯಿತು. ಒಂದೊಂದಾಗಿ ಅರಳಿದವು. ಉಮೆಯ ಕೆಂಪು, ಮೂಲಂಗಿಯ ಹಳದಿ, ಬದನೆಯ ನೇರಳೆ, ನನ್ನ ಏಪ್ರನ್ನಿನ ನೀಲಿ. ಒಂದರ ಮೇಲೊಂದು ಬಂದು, ಬೆರೆತು, ಗುಡ್ಡದ ಕಡೆ ತೇಲಿದವು. ಸುಳ್ಳು ಯಾಕೆ ಹೇಳಲಿ, ಚಂದವಿತ್ತು. ಅತ್ತೆ ಎರಡು ಕೈ ಎತ್ತಿ ಒಂದು ಸಲ ಚಪ್ಪಾಳೆ ಹೊಡೆದರು. ಸಣ್ಣ ಹುಡುಗಿಯರು ಹೊಡೆಯುವಂತೆ.

"ಹೌದು. ಹಿಂಗೇ ಇತ್ತು," ಎಂದರು.

ಇವರು ಕಣ್ಣು ಒರೆಸಿಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಅತ್ತೆ ಇನ್ನೂ ಪರದೆ ನೋಡುತ್ತಿದ್ದರು.

"ಯಾವಾಗ ಬೀಳುತ್ತೆ?"

"ಏನಮ್ಮ?"

"ಕಬ್ಬಿಣ. ಮೇಲೆ ಸಿಡಿದದ್ದು. ಅದು ಬೀಳಲ್ವಾ?"

ಇವರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅತ್ತೆ ಚಹಾ ಕುಡಿದು ಹೇಳಿದರು. ಅಳಲಿಲ್ಲ. ಅಂಗಡಿಗೆ ಹೋಗಿಬಂದ ಸುದ್ದಿ ಹೇಳುವಂತೆ ಹೇಳಿದರು.

ದ್ವೀಪದ ಗುಡ್ಡದ ಮೇಲೆ ನೆಂಟರ ಗೆಣಸಿನ ಹೊಲ. ಅತ್ತೆ ಕಳೆ ಕೀಳುತ್ತಿದ್ದರು. ತಂಗಿ ಸಾಯೊ ಕುಡಿಯುವ ನೀರು ತಂದಿದ್ದಳು. ಸೈರನ್ ಆಯಿತು. ಹೊಲದ ಅಂಚಿನಲ್ಲಿ ಅಡಗುವ ಗುಂಡಿ ಇತ್ತು, ಮೇಲೆ ಹಲಗೆ ಇತ್ತು. ವಿಮಾನ ಹೋಗುವುದು ಹಡಗಿನ ಮೇಲೆ, ಹೊಲಕ್ಕೆ ಯಾರು ಬರುತ್ತಾರೆ ಎಂದು ಇಬ್ಬರೂ ನಿಂತು ನೋಡಿದರು. ಕೆಳಗೆ ಎಲ್ಲ ಹಡಗುಗಳೂ ಹೊಡೆಯತೊಡಗಿದವು. ಯುದ್ಧ ಶುರುವಾದ ಮೇಲೆ ಊರಲ್ಲಿ ಪಟಾಕಿ ಹಬ್ಬ ನಿಂತಿತ್ತು. ಸಾಯೊ ಪಟಾಕಿಯನ್ನೇ ನೋಡಿರಲಿಲ್ಲ. "ಅಕ್ಕ, ಅಕ್ಕ, ಇನ್ನೊಂದು, ಅಲ್ಲಿ ಇನ್ನೊಂದು" ಎಂದು ಕುಣಿದಳು. ಅತ್ತೆ ಚಪ್ಪಾಳೆ ಹೊಡೆದರು. ವಿಮಾನಗಳು ದಾಟಿಹೋದವು. ಆಮೇಲೆ ಗೆಣಸಿನ ಎಲೆಗಳ ಮೇಲೆ ಸರಸರ ಎಂದು ಸದ್ದು. ಆಲಿಕಲ್ಲು ಎಂದುಕೊಂಡರು. ತಿರುಗಿ ನೋಡಿದರೆ ಸಾಯೊ ಸಾಲಿನ ನಡುವೆ ಕೂತಂತೆ ಬಿದ್ದಿದ್ದಳು.

"ಆ ಹೊಲಕ್ಕೆ ಬಾಂಬ್ ಬೀಳ್ಲೇ ಇಲ್ಲ," ಎಂದರು ಅತ್ತೆ. "ನಮ್ಮ ಹಡಗು ಹೊಡೆದ ಗುಂಡಿನ ಚೂರು ಅದು. ದೊಡ್ಡೋರು, ನಮ್ಮೋರ ಗುಂಡು ಅಂತ ಎಲ್ಲೂ ಬಾಯಿ ಬಿಡ್ಬೇಡ ಅಂದ್ರು. ಬಿಡ್ಲಿಲ್ಲ. ಕಲ್ಲಿನ ಮೇಲೆ ಬೇರೆ ಬರೆಸಿದ್ರು."

ಪರದೆಯ ಮೇಲೆ ಬಣ್ಣ ಇನ್ನೂ ತೇಲುತ್ತಿತ್ತು. ಆಗ ಇವರು ಕೇಳಿದರು. ಇವರು ಕೆಟ್ಟವರಲ್ಲ. ವರ್ಷಗಟ್ಟಲೆ ಅದರಲ್ಲೇ ಮುಳುಗಿದ್ದವರು, ಬಾಯಿಗೆ ಅದೇ ಬಂತು.

"ಸಿಡಿದ ಮೇಲೆ ಎಷ್ಟು ಹೊತ್ತಿಗೆ ಬಿತ್ತಮ್ಮ?"

ಅತ್ತೆ ಮಗನ ಮುಖ ನೋಡಿದರು.

"ಗೊತ್ತಿಲ್ಲ. ನಾನು ಮೇಲೆ ನೋಡ್ತಿದ್ದೆ."

ಲೋಟ ಎತ್ತಿಕೊಂಡು ಎದ್ದುಹೋದರು.

ಮಾರನೆಯ ದಿನ ಅತ್ತೆ ತಾವೇ ಬಂದು ಆ ಕುರ್ಚಿಯಲ್ಲಿ ಕೂತರು. "ತಕೆ, ಹಾಕು." ಇವರು ಹಾಕಿದರು. ಅತ್ತೆ ಈಗ ಹೊಗೆಯ ಕಡೆ ನೋಡಲಿಲ್ಲ, ಪರದೆಯ ಕೆಳಗಿನ ಅಂಚು ನೋಡಿದರು. "ಬೀಳ್ತಾ ಇಲ್ಲ," ಎಂದರು. ಮರುದಿನವೂ ಬಂದರು. ದಿನಾ ಬಂದರು. ಶೆಡ್ಡಿನಿಂದ ನಾನು ಬರುವ ಹೊತ್ತಿಗೂ ಅಲ್ಲೇ ಇರುತ್ತಿದ್ದರು.

"ಬೀಳೋದು ಇಲ್ದಿದ್ರೆ ಇದು ಸುಳ್ಳು ಕಣೋ. ಹಾಕು ಅದನ್ನ."

"ಆಟದಲ್ಲಿ ಅದೆಲ್ಲ ಬರಲ್ಲಮ್ಮ."

"ಹೊಗೆ ಬರುತ್ತೆ, ಗಾಳಿ ಬರುತ್ತೆ, ಅದು ಯಾಕೆ ಬರಲ್ಲ?"

ಇವರಿಂದ ತಡೆಯಲಾಗಲಿಲ್ಲ. ಸಣ್ಣಗಾದರು. ಕೊನೆಗೊಂದು ಬೆಳಿಗ್ಗೆ ಕಂಪ್ಯೂಟರಿನ ಮೇಲೆ ಹಳೆಯ ಯುಕಾತ ನಿಲುವಂಗಿ ಹೊದಿಸಿ, ಕೆಟ್ಟುಹೋಗಿದೆ ಎಂದು ತಾಯಿಗೆ ಹೇಳಿದರು.

"ಇಡೀ ಲಾಂಚಿನ ಇಂಜಿನ್ ರಿಪೇರಿ ಮಾಡಿದೋನಿಗೆ ಈ ಡಬ್ಬ ರಿಪೇರಿ ಮಾಡೋಕ್ಕಾಗಲ್ವಾ?"

"ಸಾಮಾನು ಸಿಗ್ತಿಲ್ಲಮ್ಮ. ಬರ್ಬೇಕು."

"ಬರಲಿ."

ಬರಲಿ ಎಂದವರು ಕಾದರು. ಬಟ್ಟೆ ಹೊದ್ದ ಡಬ್ಬದ ಎದುರು ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದರು, ಸಾಕ್ಸ್ ಹೊಲಿಯುತ್ತಿದ್ದರು. ಸುಳ್ಳು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಕೇಳುವುದು ಮಾತ್ರ ಕಡಿಮೆಯಾಯಿತು. ಅಮ್ಮ ಅದನ್ನು ಮರೆತರು ಎಂದು ಇವರು ಅಂದುಕೊಂಡರು. "ಮರೀತಿದಾರೆ, ಒಳ್ಳೇದಾಯ್ತು" ಎಂದು ನನಗೆ ಹೇಳಿದರು. ನಾನು ಕುರ್ಚಿಯ ಕೆಳಗಿನ ಬಟಾಣಿ ಸಿಪ್ಪೆ ಗುಡಿಸಿದೆ.

ಚಳಿಗೆ ಅತ್ತೆಗೆ ಕಫ ಕಟ್ಟಿತು. ಆಸ್ಪತ್ರೆಗೆ ಹಾಕಿದೆವು. ಗಂಜಿ ಕುಡಿಸಲು ಇವರು ಹೋಗಿದ್ದಾಗ ಒಮ್ಮೆ ಕಣ್ಣು ಬಿಟ್ಟು, "ಸಾಮಾನು ಬಂತಾ?" ಎಂದರಂತೆ. ಬಂತು ಎಂದು ಇವರು ಹೇಳಿದರಂತೆ. ಅತ್ತೆ ಹಾಗಾದರೆ ಸರಿ ಎಂದರಂತೆ. ಆ ವಾರವೇ ಹೋದರು.

ಸುಟ್ಟು ಬೂದಿ ತಂದ ಮೇಲೆ ಇವರು ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದರು. ಮತ್ತೆ ಕೂತರು. ಈ ಸಲ ಹೊಗೆಗಲ್ಲ, ಬೀಳುವುದಕ್ಕೆ. ನೆಲದ ಮೇಲೆ ಬೀಳಿಸಲು ಆ ಆಟದಲ್ಲಿ ದಾರಿಯೇ ಇರಲಿಲ್ಲ. ಅದರ ನೆಲ ಬರೀ ಚಿತ್ರ, ಹೊಲವಿಲ್ಲ, ಜನವಿಲ್ಲ. ನೀರಿನ ಮೇಲೆ ಆಗುತ್ತಿತ್ತು. ಹೊಗೆ ಮೂಡಿ, ವಿಮಾನ ದಾಟಿ, ಎಲ್ಲ ಮುಗಿಯಿತು ಎನ್ನುವಾಗ ಕೆಳಗೆ ನೀರಿನಲ್ಲಿ ಅಲ್ಲಲ್ಲಿ ಸಣ್ಣ ಬಿಳಿ ಚಿಮ್ಮು ಏಳುವಂತೆ ಮಾಡಿದರು. ದೊಡ್ಡದಲ್ಲ. ಮಳೆ ಶುರುವಾಗುವ ಮೊದಲು ಏಳುವಷ್ಟು. ಎಷ್ಟು ಹೊತ್ತಿಗೆ ಬೀಳಬೇಕು ಎಂದು ತಾವೇ ಲೆಕ್ಕ ಹಾಕಿದರು. ತಿಂಗಳುಗಟ್ಟಲೆ ಅದೇ. ನಾನು ತಟ್ಟೆ ಇಟ್ಟು ಬರುತ್ತಿದ್ದೆ, ತಣ್ಣಗಾದದ್ದನ್ನು ತಿನ್ನುತ್ತಿದ್ದರು.

"ಇದನ್ನ ಆಗಲೇ ಮಾಡಬಹುದಿತ್ತು," ಎಂದರು ಮುಗಿದ ದಿನ. "ಆಗಲ್ಲ ಅಂದೆ. ಆಗ್ತಿತ್ತು."

"ತೋರಿಸಿದ್ರೆ ಅತ್ತೆಗೆ ಏನಾಗ್ತಿತ್ತೋ ಯಾರಿಗೆ ಗೊತ್ತು?"

"ನನಗೆ ಏನಾಗ್ತಿತ್ತೋ ಅಂತ ಹೆದರಿದ್ದು ನಾನು. ಅಮ್ಮ ಹೆದರಿರಲಿಲ್ಲ."

ಬಣ್ಣದ ಹೊಗೆಯನ್ನೂ ಆ ಚಿಮ್ಮನ್ನೂ ಸೇರಿಸಿ ಗುಂಪಿಗೆ ಕೊಟ್ಟರು. ಬಣ್ಣ ನೋಡಿ ಗಲಾಟೆಯಾಯಿತಂತೆ. ಯುದ್ಧವೋ ಮದುವೆಯೋ ಎಂದು ಒಬ್ಬ ಬರೆದನಂತೆ. ಪುರಾವೆ ಏನು ಎಂದು ಮುನಕಾತಾ-ಸಾನ್ ಕೇಳಿದರು. "ನಮ್ಮ ತಾಯಿ" ಎಂದರು ಇವರು. ಆಮೇಲೆ ಮುನಕಾತಾ-ಸಾನ್ ತಾವೇ ಹುಡುಕಿ, ಆ ದಿನ ಮೇಲಿನಿಂದ ಬಂದ ಅಮೆರಿಕದ ಪೈಲಟ್‌ಗಳೂ ಬಣ್ಣ ನೋಡಿದೆವು ಎಂದಿದ್ದಾರೆ ಎಂದು ತಿಳಿದು, ಫೋನಿನಲ್ಲಿ ಕ್ಷಮೆ ಕೇಳಿದರು. ಬಣ್ಣ ಉಳಿಯಿತು. ನೀರಿನ ಚಿಮ್ಮಿನ ಬಗ್ಗೆ ಇವರು ಯಾರಿಗೂ ಏನೂ ಹೇಳಲಿಲ್ಲ. ಯಾಕೆ ಎಂದು ಕೇಳಿದೆ.

"ಗೊತ್ತಿದ್ದೋರಿಗೆ ಗೊತ್ತಾಗುತ್ತೆ," ಎಂದರು.

ಗೊತ್ತಿದ್ದವರು ಯಾರು ಉಳಿದಿದ್ದಾರೆ? ಅದನ್ನು ನಾನು ಕೇಳಲಿಲ್ಲ.

ಇವರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದಾಗ ತಡವಾಗಿತ್ತು. ನೋವು ಹೇಳುವವರಲ್ಲ. ಕಡೆಕಡೆಗೆ ಆಸ್ಪತ್ರೆಯ ಕಿಟಕಿಯಿಂದ ಲಾಂಚು ಹೋಗುವುದು ಕಾಣುತ್ತಿತ್ತು. ಅದರ ಹೊಗೆ ಎತ್ತ ಹೋಗುತ್ತಿದೆ ಎಂದು ಹೇಳುತ್ತಿದ್ದರು. ನಾನು ಬಲಗಡೆ ಕೂತು ಸೇಬು ಕುಯ್ಯುತ್ತಿದ್ದೆ.

"ಫುಸಾಎ."

"ಏನ್ರೀ?"

"ಸಾಯೊ ಚಿಕ್ಕಮ್ಮ ಹೆಂಗಿದ್ಲು ಅಂತ ಅಮ್ಮನ್ನ ಒಂದು ಸಲವೂ ಕೇಳ್ಲಿಲ್ಲ ನಾನು. ಕುಳ್ಳಿದ್ಲಾ, ಹಟ ಮಾಡ್ತಿದ್ಲಾ, ಏನು ತಿಂತಿದ್ಲು. ಅಮ್ಮ ಅಷ್ಟು ವರ್ಷ ಆದ್ಮೇಲೆ ಬಾಯಿ ಬಿಟ್ರು. ಎಷ್ಟು ಹೊತ್ತಿಗೆ ಬಿತ್ತು ಅಂತ ಕೇಳ್ದೆ."

"ಬಿಡ್ರೀ ಈಗ."

"ಕೇಳಿದ್ರೆ ಹೇಳ್ತಿದ್ರು. ಅವತ್ತು ಹೇಳೋಕೆ ಕೂತಿದ್ರು. ದಿನಾ ಬಂದು ಕೂತಿದ್ರು. ನಾನು ಬಟ್ಟೆ ಮುಚ್ಚಿದೆ."

ಸೇಬು ತಿನ್ನಲಿಲ್ಲ. ಮಳೆಗಾಲ ಮುಗಿದ ಮೇಲೆ ಹೋದರು.

ಈ ವಸಂತದಲ್ಲಿ ಮುನಕಾತಾ-ಸಾನ್ ನಿಗಾತದಿಂದ ಬಂದರು. ಫೋನಿನ ದನಿ ಕೇಳಿ ದೊಡ್ಡ ಆಸಾಮಿ ಅಂದುಕೊಂಡಿದ್ದೆ. ನನ್ನ ಭುಜದಷ್ಟೇ ಇದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಇವರ ಫೋಟೋದ ಮುಂದೆ ಊದುಬತ್ತಿ ಹಚ್ಚಿ ಬಹಳ ಹೊತ್ತು ಕೈ ಮುಗಿದು ಕೂತರು. ಚಹಾ ಕೊಟ್ಟೆ.

"ಅಮ್ಮಾ, ನಿಮ್ಮ ಯಜಮಾನರ ಹೊಗೆ ಈಗ ಎಲ್ಲ ಕಡೆ ಇದೆ. ಹೊರದೇಶದೋರೂ ಅದನ್ನೇ ಹಾಕ್ಕೊಂಡಿದಾರೆ. ಅಂಥ ಕೈ ಇನ್ನೊಂದಿಲ್ಲ."

"ಒಳ್ಳೇದಾಯ್ತು."

"ಒಂದೇ ಒಂದು ಸಣ್ಣ ತಪ್ಪಿತ್ತು. ಹೇಳಬಾರದು, ಆದರೂ. ಹೊಗೆ ಮುಗಿದ ಮೇಲೆ ನೀರಲ್ಲಿ ಬಿಳೀ ಚುಕ್ಕಿ ಏಳ್ತಿದ್ವು. ಲೆಕ್ಕ ತಪ್ಪಿ ಗುಂಡು ವಾಪಸ್ ಬೀಳ್ತಿದೆಯೇನೋ ಅಂದ್ಕೊಂಡ್ವಿ. ಆಟ ಬೇರೆ ನಿಧಾನ ಆಗ್ತಿತ್ತು. ಅವರು ಹೋದ ಮೇಲೆ ನಮ್ಮೋರೊಬ್ಬರು ಅದನ್ನ ತೆಗೆದು ಸರಿಮಾಡಿದ್ರು."

ನಾನು ಲೋಟ ಕೆಳಗಿಟ್ಟೆ. ಹೇಳಬೇಕೋ ಬೇಡವೋ ಎಂದು ಯೋಚನೆ ಬಂತು. ಅತ್ತೆಗೆ ಹೇಳಬೇಡ ಎಂದವರು ಇದ್ದರು. ಇವರು ತಾವೇ ಹೇಳಲಿಲ್ಲ. ನನಗೆ ಬೇಡ ಅನ್ನುವವರು ಯಾರೂ ಇಲ್ಲ. ಹೇಳಿದೆ. ಗೆಣಸಿನ ಹೊಲ, ಹಲಗೆ ಮುಚ್ಚಿದ ಗುಂಡಿ, ಎಲೆಯ ಮೇಲಿನ ಸದ್ದು, ಎಲ್ಲ.

ಮುನಕಾತಾ-ಸಾನ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಕೇಳಿದರು.

"ಆ ಮಗು ಹೇಗಿತ್ತು?"

"ಗೊತ್ತಿಲ್ಲ," ಎಂದೆ. "ಪಟಾಕಿ ನೋಡಿರಲಿಲ್ಲವಂತೆ. ಅಷ್ಟೇ ಗೊತ್ತು."

"ಅದನ್ನ ವಾಪಸ್ ಹಾಕಿಸ್ತೀನಿ. ಆಟ ನಿಧಾನ ಆದ್ರೆ ಆಗಲಿ."

"ಹಾಕ್ಸಿ."

ಬಾಗಿಲಲ್ಲಿ ಮತ್ತೆ ಮತ್ತೆ ಬಗ್ಗಿ ನಮಸ್ಕಾರ ಮಾಡಿ ಮೆಟ್ಟಿಲು ಇಳಿದು ಹೋದರು. ಹಾಕಿಸಿದರೋ ಇಲ್ಲವೋ ನನಗೆ ತಿಳಿಯದು. ಆ ಡಬ್ಬ ಹೇಗೆ ಹಚ್ಚುವುದು ಎಂದು ನನಗೆ ಬರುವುದಿಲ್ಲ.